ಕೂಸಿನ ಅಂಗಿ ಎತ್ತಿ, ಒಂದು ನಿಮಿಷ ಎಣಿಸಿ

ಪ್ರಶ್ನೆ: ಮೇಡಂ, ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಮಗನಿಗೆ ಐದು ತಿಂಗಳು ತುಂಬಿದೆ. ಹೋದ ವಾರ ಅಂಗನವಾಡಿಗೆ ಹೋಗುವ ಮಗಳಿಗೆ ನೆಗಡಿ ಆಗಿತ್ತು. ಅವಳಿಗೆ ಎರಡು ದಿನಕ್ಕೆ ವಾಸಿಯಾಯಿತು, ಇವನಿಗೆ ಹಿಡಿಯಿತು. ಮೊದಲು ಮೂಗು ಸೋರುತ್ತಿತ್ತು, ಈಗ ಮೂರು ದಿನದಿಂದ ಕೆಮ್ಮು. ಎದೆ ಮೇಲೆ ಕೈ ಇಟ್ಟರೆ ಗೊರಗೊರ ಅನ್ನುತ್ತದೆ, ರಾತ್ರಿ ಸುಯ್ ಅಂತ ಸದ್ದು ಬರುತ್ತದೆ. ನಿನ್ನೆಯಿಂದ ಎರಡು ಗುಟುಕು ಹಾಲು ಕುಡಿದು ಬಿಟ್ಟುಬಿಡುತ್ತಾನೆ. ಹೊಟ್ಟೆ ಜೋರಾಗಿ ಏರಿಳಿಯುತ್ತದೆ. ಜ್ವರ ಅಷ್ಟೇನೂ ಇಲ್ಲ. ಊರಲ್ಲಿ ತೋರಿಸಿದೆವು, ಒಂದು ಇಂಜೆಕ್ಷನ್ ಮಾಡಿ ಎರಡು ಸಿರಪ್ ಕೊಟ್ಟರು. ನಮ್ಮತ್ತೆ "ಕಫ ಕಟ್ಟಿದೆ, ಬರೆ ಹಾಕಿಸಿದರೆ ಹೋಗುತ್ತೆ" ಅನ್ನುತ್ತಾರೆ. ನಾನು ಮೊಸರು, ಬಾಳೆಹಣ್ಣು ತಿಂದಿದ್ದಕ್ಕೇ ಹೀಗಾಯಿತು ಅಂತ ಎಲ್ಲರೂ ಬೈಯುತ್ತಾರೆ. ಮನೆಯವರು ದಾವಣಗೆರೆಯಿಂದ ಔಷಧವನ್ನು ಹಬೆ ಮಾಡಿ ಕೊಡುವ ನೆಬ್ಯುಲೈಸರ್ ಮೆಷಿನ್ ತರುತ್ತೇನೆ ಅನ್ನುತ್ತಿದ್ದಾರೆ. ತರಿಸಲಾ? ಇದು ಮುಂದೆ ದಮ್ಮು ಆಗುತ್ತಾ? ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಪತ್ರದ ಕೆಳಗೆ ಫೋನ್ ನಂಬರ್ ಬರೆದಿದ್ದಿರಿ, ಒಳ್ಳೆಯದಾಯಿತು. ಓದಿದ ಕೂಡಲೇ ನಿಮಗೆ ಫೋನ್ ಮಾಡಿದೆ. ಈ ಉತ್ತರ ಪ್ರಕಟವಾಗುವ ತನಕ ಕಾಯುವ ಸ್ಥಿತಿ ಅದಾಗಿರಲಿಲ್ಲ. ನಿಮ್ಮ ಮಗ ಎರಡು ದಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದು ಈಗ ಮನೆಗೆ ಬಂದಿದ್ದಾನೆ. ಆದರೂ ನೀವು ಕೇಳಿದ ಒಂದೊಂದು ಮಾತನ್ನೂ ನಮ್ಮ ಕಡೆಯ ನೂರಾರು ತಾಯಂದಿರು ಕೇಳುತ್ತಾರೆ. ಅದಕ್ಕೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಕೆಮ್ಮು ಅಲ್ಲ, ಗೊರಗೊರ ಸದ್ದೂ ಅಲ್ಲ. ಅವೆರಡರ ನಂತರ ಬಂದ ಎರಡು ಸಾಲು. ಎರಡು ಗುಟುಕಿಗೆ ಹಾಲು ಬಿಡುತ್ತಾನೆ, ಹೊಟ್ಟೆ ಜೋರಾಗಿ ಏರಿಳಿಯುತ್ತದೆ. ನೀವು ಅದನ್ನು ನಡುವೆ ಎಲ್ಲೋ ಸೇರಿಸಿ ಬರೆದಿದ್ದಿರಿ. ಹೆಚ್ಚಿನವರು ಹಾಗೇ ಮಾಡುತ್ತಾರೆ. ಕೆಮ್ಮು ಕಿವಿಗೆ ಬೀಳುತ್ತದೆ, ಅದಕ್ಕೇ ಭಯ. ಉಸಿರಾಟದ ಕಷ್ಟಕ್ಕೆ ಹೆಚ್ಚಿನ ಸಲ ಸದ್ದೇ ಇರುವುದಿಲ್ಲ. ಅಂಗಿ, ಸ್ವೆಟರ್, ಶಾಲು, ಕುಲಾವಿ ಇಷ್ಟರ ಒಳಗೆ ಅದು ಕಾಣುವುದೂ ಇಲ್ಲ.

ಆದ್ದರಿಂದ ಮೊದಲು ಕಲಿಯಬೇಕಾದ ಕೆಲಸ ಇದು. ಮಗು ಮಲಗಿರುವಾಗ ಅಥವಾ ಅಳದೆ ಸುಮ್ಮನಿರುವಾಗ ಅಂಗಿಯನ್ನು ಕುತ್ತಿಗೆಯವರೆಗೆ ಎತ್ತಿ. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಂಡು, ಹೊಟ್ಟೆ ಎಷ್ಟು ಸಲ ಮೇಲೇಳುತ್ತದೆ ಎಂದು ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ. ಕೂಸುಗಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ, ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದ ಮಕ್ಕಳಿಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಲೆಕ್ಕ ಇದು. ನಿಮ್ಮೂರಿನ ಆಶಾ ಕಾರ್ಯಕರ್ತೆಗೂ ಗೊತ್ತಿರುತ್ತದೆ, ಅವರನ್ನು ಕರೆದು ಎಣಿಸಲು ಹೇಳಬಹುದು. ಜ್ವರ ಇದ್ದಾಗ ಉಸಿರು ಸ್ವಲ್ಪ ಜೋರಾಗುವುದು ಸಹಜ. ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಆಗಲೂ ಹೆಚ್ಚಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಬೇಕು.

ಎಣಿಸುವಾಗಲೇ ಪಕ್ಕೆಯನ್ನೂ ನೋಡಿ. ಉಸಿರು ಎಳೆದಾಗ ಎದೆಯ ಕೆಳಭಾಗ, ಪಕ್ಕೆಲುಬು ಮುಗಿಯುವ ಜಾಗ ಒಳಕ್ಕೆ ಗುಳಿ ಬೀಳುತ್ತಿದೆಯಾ? ಮೂಗಿನ ಹೊಳ್ಳೆ ಅರಳುತ್ತಿದೆಯಾ? ಪ್ರತಿ ಉಸಿರಿಗೂ "ಹ್ಞ... ಹ್ಞ..." ಅಂತ ನರಳುತ್ತಿದೆಯಾ? ಹೌದಾದರೆ ಲೆಕ್ಕ ಎಷ್ಟೇ ಬರಲಿ, ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಈಗ ನಿಮ್ಮ ಮಗನಿಗೆ ಆಗಿದ್ದೇನು ಅಂತ ಹೇಳುತ್ತೇನೆ. ಬ್ರಾಂಕಿಯೋಲೈಟಿಸ್ ಅನ್ನುತ್ತೇವೆ. ಎರಡು ವರ್ಷದೊಳಗಿನ ಮಕ್ಕಳಿಗೆ, ಅದರಲ್ಲೂ ಮೂರರಿಂದ ಆರು ತಿಂಗಳ ಕೂಸುಗಳಿಗೆ ಜಾಸ್ತಿ. ಹೆಚ್ಚಿನ ಸಲ ಆರ್‌ಎಸ್‌ವಿ ಎಂಬ ವೈರಸ್ ಇದಕ್ಕೆ ಕಾರಣ. ಅದೇ ವೈರಸ್ ನಿಮ್ಮ ಮಗಳಿಗೆ ಬರೀ ನೆಗಡಿ ತಂದಿತು, ಮಗನಿಗೆ ಉಸಿರಿನ ಕಷ್ಟ ತಂದಿತು. ಯಾಕೆ ಈ ವ್ಯತ್ಯಾಸ? ಕೊಳವೆಯ ಅಳತೆಯಿಂದ. ಶ್ವಾಸಕೋಶದ ಒಳಗೆ ಗಾಳಿ ಹೋಗುವ ಸಣ್ಣ ಕೊಳವೆಗಳು ಕೂಸಿನಲ್ಲಿ ಬಹಳ ಕಿರಿದು. ಅವುಗಳ ಒಳಗೋಡೆ ಊದಿಕೊಂಡು, ಲೋಳೆ ತುಂಬಿ, ಅಗಲ ಅರ್ಧಕ್ಕೆ ಇಳಿದರೆ ಗಾಳಿಗೆ ಆಗುವ ತಡೆ ಎರಡು ಪಟ್ಟಲ್ಲ, ಸುಮಾರು 16 ಪಟ್ಟು ಹೆಚ್ಚುತ್ತದೆ. ತುಂಬಿದ ಹೊಲದ ಕಾಲುವೆಗೆ ಒಂದು ಹಿಡಿ ಕಸ ಬಿದ್ದರೆ ಏನೂ ಆಗದು, ಡ್ರಿಪ್ ಪೈಪಿಗೆ ಒಂದು ಕಾಳು ಮರಳು ಸಾಕು. ಮಗಳ ಕೊಳವೆ ಕಾಲುವೆ, ಮಗನದು ಡ್ರಿಪ್ ಪೈಪು.

ಈ ಕಾಯಿಲೆಗೆ ಒಂದು ನಡಿಗೆ ಇದೆ. ಮೊದಲ ಎರಡು ದಿನ ಬರೀ ನೆಗಡಿ. ಮೂರರಿಂದ ಐದನೇ ದಿನ ಅತಿ ಕಷ್ಟ. ಆಮೇಲೆ ನಿಧಾನವಾಗಿ ಇಳಿಯುತ್ತದೆ. ಕೆಮ್ಮು ಮಾತ್ರ ಎರಡು ಮೂರು ವಾರ ಇರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ಮೂರನೇ ದಿನ ಒಬ್ಬ ಡಾಕ್ಟರು, ನಾಲ್ಕನೇ ದಿನ ಇನ್ನೊಬ್ಬರು, ಐದನೇ ದಿನ ಮತ್ತೊಬ್ಬರು ಅಂತ ಅಲೆಯುತ್ತಾರೆ. ಆರನೇ ದಿನ ನೋಡಿದವರಿಗೆ ಕೈಗುಣದ ಹೆಸರು ಬರುತ್ತದೆ! ಎರಡನೇ ದಿನವೇ ನನ್ನ ಹತ್ತಿರ ಬಂದರೆ ನಾನು ಮೊದಲೇ ಹೇಳಿಬಿಡುತ್ತೇನೆ, "ನಾಳೆ ನಾಡಿದ್ದು ಜಾಸ್ತಿ ಆಗಬಹುದು, ಅದಕ್ಕೆ ಸಿದ್ಧವಾಗಿರಿ" ಅಂತ.

ಅತ್ತೆಯವರ ಮಾತಿಗೆ ಬರೋಣ. ಬರೆ ಹಾಕಿಸಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಹೊಟ್ಟೆಯ ಮೇಲೆ ಸಾಲಾಗಿ ಸುಟ್ಟ ಗುರುತು ಇರುವ ಕೂಸುಗಳನ್ನು ನಾನು ಇಲ್ಲಿ ದಾವಣಗೆರೆಯಲ್ಲಿ ಬಹಳ ನೋಡಿದ್ದೇನೆ. ಬರೆಯಿಂದ ಕೊಳವೆಯ ಊತ ಇಳಿಯುವುದಿಲ್ಲ. ಸುಟ್ಟ ನೋವಿಗೆ ಮಗು ಇನ್ನೂ ಜೋರಾಗಿ ಅಳುತ್ತದೆ, ಇದ್ದ ಶಕ್ತಿ ಕಳೆದುಕೊಳ್ಳುತ್ತದೆ, ಗಾಯ ಕೀವಾಗಿ ನಂಜು ರಕ್ತಕ್ಕೆ ಏರಬಹುದು. ಹಾಗಾದರೆ ಹಿಂದಿನವರ ಕೂಸುಗಳಿಗೆ ವಾಸಿಯಾಗಿದ್ದು ಹೇಗೆ? ಬರೆ ಹಾಕಿಸುವುದು ಸಾಮಾನ್ಯವಾಗಿ ಕಷ್ಟ ಮಿತಿಮೀರಿದ ನಾಲ್ಕು ಐದನೇ ದಿನ. ಅದು ತಾನಾಗಿಯೇ ಇಳಿಯುವ ಹೊತ್ತೂ ಹೌದು. ಉಳಿದ ಕೂಸು ಕಣ್ಣಮುಂದೆ ಬೆಳೆಯುತ್ತದೆ. ಉಳಿಯದ ಕೂಸಿನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಅತ್ತೆಯವರ ಮೇಲೆ ಸಿಟ್ಟಾಗಬೇಡಿ. ಅವರ ಕಾಲದಲ್ಲಿ ಹತ್ತಿರದಲ್ಲಿ ಆಕ್ಸಿಜನ್ ಇರಲಿಲ್ಲ. ಮೊಮ್ಮಗನಿಗೆ ಏನಾದರೂ ಮಾಡಲೇಬೇಕು ಅನ್ನುವ ಸಂಕಟ ಅವರದು. ಅವರಿಗೆ ಕೆಲಸ ಕೊಡಿ. ಉಸಿರು ಎಣಿಸುವುದು, ಒದ್ದೆ ಬಟ್ಟೆ ಎಷ್ಟಾಯಿತು ಅಂತ ಲೆಕ್ಕ ಇಡುವುದು, ಮಗುವನ್ನು ನೆಟ್ಟಗೆ ಎತ್ತಿಕೊಂಡು ಕೂರುವುದು. ಅಜ್ಜಿಯರು ಇದನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ.

ಮೊಸರು, ಬಾಳೆಹಣ್ಣು? ನಿಮ್ಮ ತಪ್ಪು ಏನೂ ಇಲ್ಲ. ನೀವು ತಿಂದ ಮೊಸರು ಎದೆಹಾಲಿನಲ್ಲಿ ಕಫವಾಗಿ ಹೋಗುವುದಿಲ್ಲ. ವೈರಸ್ ಬಂದಿದ್ದು ಅಕ್ಕನ ಮುದ್ದಿನಿಂದ, ಅವಳ ಕೈಯಿಂದ, ಸೀನಿನಿಂದ. ಬೈಗುಳ ಕೇಳಿ ಕೇಳಿ ಊಟ ಬಿಟ್ಟ ಬಾಣಂತಿಯರನ್ನು ನೋಡಿದ್ದೇನೆ, ಸುಮ್ನೆ ನಿತ್ರಾಣವಾಗುತ್ತಾರೆ. ಹಸಿವಾದಷ್ಟು ಊಟ ಮಾಡಿ, ಮೊಸರೂ ತಿನ್ನಿ. ಈ ಹೊತ್ತಿನಲ್ಲಿ ನಿಮ್ಮ ಹಾಲಿಗಿಂತ ಒಳ್ಳೆಯ ಔಷಧ ನಿಮ್ಮ ಮಗನಿಗೆ ಇಲ್ಲ.

ಮನೆಮದ್ದುಗಳಲ್ಲಿ ಕೆಲವು ನಿರಪಾಯ, ಕೆಲವು ಅಪಾಯ. ಬಿಸಿ ಮಾಡಿದ ವೀಳ್ಯದೆಲೆಯನ್ನು ಎದೆಗೆ ಇಡುವುದರಿಂದ ಲಾಭವಿಲ್ಲ. ಉಗುರುಬೆಚ್ಚಗೆ ಇದ್ದರೆ ಹಾನಿಯೂ ಇಲ್ಲ, ಸುಡುವಷ್ಟು ಇದ್ದರೆ ಅದೂ ಬರೆಯೇ. ಸ್ನಾನ ಮಾಡಿಸುವಾಗ ಮೂಗಿಗೆ ಹರಳೆಣ್ಣೆ, ಕೊಬ್ಬರಿ ಎಣ್ಣೆ ಬಿಡುವುದನ್ನು ನಿಲ್ಲಿಸಿ. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಬರುವ ನ್ಯುಮೋನಿಯಾ ತಿಂಗಳುಗಟ್ಟಲೆ ಕಾಡುತ್ತದೆ. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸಬೇಡಿ. ಅದರಲ್ಲಿರಬಹುದಾದ ಬೀಜಾಣು ಕೂಸಿನ ಕರುಳಲ್ಲಿ ಬೆಳೆದು ಸ್ನಾಯುಗಳನ್ನು ಸೋಲಿಸುವ ವಿಷ ಮಾಡುತ್ತದೆ. ಕರ್ಪೂರ ಕಲಸಿದ ಎಣ್ಣೆ, ಎದೆಗೆ ಮೂಗಿಗೆ ಹಚ್ಚುವ ಘಾಟಿನ ಮುಲಾಮು ಎರಡು ವರ್ಷದೊಳಗೆ ಬೇಡ. ಕರ್ಪೂರ ಮೈಗೆ ಸೇರಿದರೆ ಮಕ್ಕಳಿಗೆ ಫಿಟ್ಸ್ ಬರಬಹುದು. ಬಿಸಿನೀರಿನ ಹಬೆಯಿಂದ ಈ ಕಾಯಿಲೆಗೆ ಪ್ರಯೋಜನವಿಲ್ಲ, ಪಾತ್ರೆ ಉರುಳಿ ಸುಟ್ಟುಕೊಂಡು ಬರುವ ಮಕ್ಕಳು ಮಾತ್ರ ತಪ್ಪುವುದಿಲ್ಲ.

ಹೊಗೆಯ ವಿಷಯ ಬೇರೆಯಾಗಿಯೇ ಹೇಳಬೇಕು. ಸ್ನಾನವಾದ ಮೇಲೆ ಕೆಂಡದ ಮೇಲೆ ಲೋಬಾನ ಹಾಕಿ ಕೂಸನ್ನು ಹಿಡಿಯುತ್ತಾರೆ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ ಅಗ್ಗಿಷ್ಟಿಕೆ ಇಡುತ್ತಾರೆ. ಸೊಳ್ಳೆ ಬತ್ತಿ, ಊದುಬತ್ತಿ, ಸೌದೆ ಒಲೆ, ಅಪ್ಪನ ಬೀಡಿ ಇವೂ ಇರುತ್ತವೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಪಕ್ಕದ ಮನೆಗಳಿಂದ ಬರುವ ಕೂಸುಗಳ ಕೆಮ್ಮು ಬೇಗ ಬಿಡದಿರುವುದನ್ನು ನಾನು ನೋಡುತ್ತಲೇ ಬಂದಿದ್ದೇನೆ. ಭಟ್ಟಿಯ ಹೊಗೆಯನ್ನು ಒಂದು ಮನೆಯವರು ತಡೆಯಲಾಗದು. ಮನೆಯೊಳಗಿನ ಹೊಗೆಯನ್ನು ಇವತ್ತೇ ನಿಲ್ಲಿಸಬಹುದು. ಊದಿಕೊಂಡ ಕೊಳವೆಗೆ ಹೊಗೆ ಬಿಟ್ಟರೆ ಇನ್ನೂ ಊದುತ್ತದೆ, ಲೋಬಾನವಾದರೂ ಅಷ್ಟೇ, ಬೀಡಿಯಾದರೂ ಅಷ್ಟೇ.

ಇನ್ನು ಔಷಧಗಳು. ಊರಿನಲ್ಲಿ ಕೊಟ್ಟ ಎರಡು ಸಿರಪ್‌ಗಳ ಫೋಟೊ ಕಳಿಸಿದ್ದಿರಿ. ಒಂದು ಕೆಮ್ಮಿನ ಸಿರಪ್. ಅದನ್ನು ನಿಲ್ಲಿಸಲು ಹೇಳಿದೆ. ಕೆಮ್ಮು ಲೋಳೆಯನ್ನು ಹೊರಹಾಕುವ ಕಾವಲುಗಾರ, ಅವನನ್ನು ಮಲಗಿಸಿದರೆ ಲೋಳೆ ಒಳಗೇ ಉಳಿಯುತ್ತದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡಿದ್ದು ನೆನಪಿರಬೇಕು. ಆ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿತ್ತು. ಆ ಅಕ್ಟೋಬರ್‌ನಲ್ಲೇ ಕೇಂದ್ರದ ಆರೋಗ್ಯ ಇಲಾಖೆ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಬಾರದು, ಕೊಡಬಾರದು ಎಂದು ಎಲ್ಲ ರಾಜ್ಯಗಳಿಗೆ ತಿಳಿಸಿತು. ವಿಷ ಸೇರದ ಸಿರಪ್ಪಾದರೂ ಇಷ್ಟು ಸಣ್ಣ ಕೂಸಿಗೆ ಮಂಪರು ತರಿಸಬಹುದು, ಉಸಿರನ್ನೇ ಕುಗ್ಗಿಸಬಹುದು.

ಇನ್ನೊಂದು ಆಂಟಿಬಯೋಟಿಕ್. ವೈರಸ್‌ಗೆ ಅದು ಕೆಲಸ ಮಾಡುವುದಿಲ್ಲ. ಹಾಗಂತ ಆ ಡಾಕ್ಟರನ್ನು ದೂರುವುದಿಲ್ಲ. ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾದಲ್ಲೂ ಉಸಿರು ವೇಗವಾಗುತ್ತದೆ, ಅಲ್ಲಿ ಆಂಟಿಬಯೋಟಿಕ್ ಜೀವ ಉಳಿಸುತ್ತದೆ. ಜೋರು ಜ್ವರ, ಮಂಕು, ಎದೆಯ ಒಂದೇ ಕಡೆ ಬೇರೆ ಸದ್ದು ಇದ್ದರೆ ನಾವೂ ಆ ಕಡೆ ಯೋಚಿಸುತ್ತೇವೆ. ಮೊದಲ ದಿನವೇ ಎರಡನ್ನೂ ಬೇರೆ ಮಾಡುವುದು ಯಾವಾಗಲೂ ಸುಲಭವಲ್ಲ. ನೀವು ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಒಂದೇ: "ಇದು ವೈರಸ್ಸಾ, ನ್ಯುಮೋನಿಯಾನಾ, ಆಂಟಿಬಯೋಟಿಕ್ ಯಾವುದಕ್ಕೆ?" ಕೇಳಲು ಸಂಕೋಚ ಬೇಡ.

ಮೆಷಿನ್ ತರಿಸಬೇಡಿ. ಮೊದಲ ಸಲ ಬ್ರಾಂಕಿಯೋಲೈಟಿಸ್ ಆದ ಕೂಸಿಗೆ ನೆಬ್ಯುಲೈಸರ್‌ನಲ್ಲಿ ಕೊಡುವ ಔಷಧದಿಂದ ಸಾಮಾನ್ಯವಾಗಿ ಉಪಯೋಗವಿಲ್ಲ. ದಮ್ಮಿನಲ್ಲಿ ಕೊಳವೆಯ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಆ ಔಷಧ ಸ್ನಾಯುವನ್ನು ಸಡಿಲಿಸುತ್ತದೆ. ಇಲ್ಲಿ ತೊಂದರೆ ಊತ ಮತ್ತು ಲೋಳೆ. ಕೊಟ್ಟರೆ ಎದೆಬಡಿತ ಜೋರಾಗುತ್ತದೆ, ಮಗು ನಡುಗುತ್ತದೆ. ಕೆಲವು ಕೂಸುಗಳಿಗೆ ಆಸ್ಪತ್ರೆಯಲ್ಲಿ ಒಮ್ಮೆ ಕೊಟ್ಟು ನೋಡುತ್ತೇವೆ, ಕಣ್ಣಿಗೆ ಕಾಣುವ ಗುಣ ಇದ್ದರೆ ಮಾತ್ರ ಮುಂದುವರಿಸುತ್ತೇವೆ. ಮನೆಯಲ್ಲಿ ಮೆಷಿನ್ ಇದ್ದರೆ ಇನ್ನೊಂದು ಅಪಾಯ ಇದೆ. "ಇನ್ನೊಂದು ಸಲ ಇಡೋಣ, ಬೆಳಿಗ್ಗೆ ನೋಡೋಣ" ಅಂತ ರಾತ್ರಿ ಕಳೆಯುತ್ತದೆ. ಆ ಒಂದು ರಾತ್ರಿಯೇ ದುಬಾರಿಯಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಡ್ರಾಪ್ಸ್‌ಗೂ ಇದೇ ಮಾತು. ಮಗು ಎರಡು ದಿನ ಚುರುಕಾದಂತೆ ಕಾಣುತ್ತದೆ, ಕಾಯಿಲೆ ಇದ್ದಲ್ಲೇ ಇರುತ್ತದೆ.

ಹಾಗಾದರೆ ಮನೆಯಲ್ಲಿ ಏನು ಮಾಡುವುದು? ಉಸಿರು ಲೆಕ್ಕದೊಳಗಿದ್ದು, ಪಕ್ಕೆ ಎಳೆಯದೆ, ಹಾಲು ಕುಡಿಯುತ್ತಿದ್ದರೆ ಕೆಲಸ ಸರಳ. ಕೂಸುಗಳು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತವೆ. ಮೂಗು ಕಟ್ಟಿದರೆ ಹಾಲು ಚೀಪುತ್ತಾ ಉಸಿರಾಡಲು ಆಗುವುದಿಲ್ಲ, ಎರಡು ಗುಟುಕಿಗೆ ಬಿಟ್ಟು ಅಳುತ್ತವೆ. ಹಾಲು ಕೊಡುವ ಹತ್ತು ನಿಮಿಷ ಮೊದಲು ಸಲೈನ್, ಅಂದರೆ ಬರೀ ಉಪ್ಪುನೀರಿನ ಮೂಗಿನ ಹನಿ, ಹೊಳ್ಳೆಗೆ ಒಂದೆರಡು ಹನಿ ಹಾಕಿ, ಮೆತ್ತನೆ ಬಟ್ಟೆಯ ಬತ್ತಿಯಿಂದ ಹೊರಗಿನ ಸಿಂಬಳ ಒರೆಸಿ. ಸಲೈನ್ ಅಂತಲೇ ಕೇಳಿ ತನ್ನಿ, ಮೂಗು ಬಿಡಿಸುವ ಔಷಧದ ಹನಿ ಬೇರೆ, ಅದು ಬೇಡ. ಒಂದೇ ಸಲ ಹೊಟ್ಟೆ ತುಂಬಾ ಕುಡಿಸಲು ಹೋಗಬೇಡಿ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ಕೊಡಿ. ಎಚ್ಚರ ಇರುವಾಗ ಹೆಗಲ ಮೇಲೆ ನೆಟ್ಟಗೆ ಹಿಡಿದುಕೊಳ್ಳಿ. ಮಲಗಿಸುವಾಗ ಬೆನ್ನಿನ ಮೇಲೆ, ಸಮ ಹಾಸಿಗೆಯಲ್ಲಿ, ದಿಂಬಿಲ್ಲದೆ ಮಲಗಿಸಿ. ಸೀರೆಯ ಜೋಳಿಗೆ ಈ ದಿನಗಳಲ್ಲಿ ಬೇಡ. ಅದರಲ್ಲಿ ಗದ್ದ ಎದೆಗೆ ತಾಗಿ ಕುತ್ತಿಗೆ ಮಡಚುತ್ತದೆ, ಕಿರಿದಾದ ದಾರಿ ಇನ್ನೂ ಕಿರಿದಾಗುತ್ತದೆ. ಒಳಗೆ ಏನಾಗುತ್ತಿದೆ ಅಂತ ಹೊರಗಿನಿಂದ ಕಾಣುವುದೂ ಇಲ್ಲ. ಮನೆಯಲ್ಲಿ ದೊಡ್ಡವರ ಬೆರಳಿಗೆ ಹಾಕುವ ಆಕ್ಸಿಜನ್ ಮೀಟರ್ ಇದ್ದರೆ ಅದನ್ನು ನಂಬಬೇಡಿ, ಕೂಸಿನ ಬೆರಳಿಗೆ ಅದು ಸರಿ ಕೂರುವುದಿಲ್ಲ.

ಹಾಲು ಎಂದಿನ ಅರ್ಧಕ್ಕಿಂತ ಕಡಿಮೆಯಾದರೆ, ಆರೇಳು ಗಂಟೆ ಉಚ್ಚೆ ಹೋಗದಿದ್ದರೆ, ಪಕ್ಕೆ ಎಳೆಯುತ್ತಿದ್ದರೆ ಹೊರಡಿ. ತುಟಿ, ನಾಲಿಗೆ ನೀಲಿಯಾದರೆ, ಉಸಿರು ನಿಂತು ನಿಂತು ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ ಆ ಕ್ಷಣವೇ 108ಕ್ಕೆ ಕರೆ ಮಾಡಿ. ನಮ್ಮ ಮಕ್ಕಳ ಬಣ್ಣಕ್ಕೆ ತುಟಿಯ ನೀಲಿ ತಿಳಿಯದಿರಬಹುದು, ನಾಲಿಗೆ ನೋಡಿ. ಮೂರು ತಿಂಗಳೊಳಗಿನ ಕೂಸು, ದಿನ ತುಂಬದೆ ಹುಟ್ಟಿದ ಕೂಸು, ಹೃದಯದ ತೊಂದರೆ ಇರುವ ಕೂಸಾದರೆ ಇಷ್ಟೆಲ್ಲ ಲಕ್ಷಣಕ್ಕೆ ಕಾಯಲೇಬೇಡಿ, ಕೆಮ್ಮು ಶುರುವಾದ ದಿನವೇ ತೋರಿಸಿ. ತೀರ ಸಣ್ಣ ಕೂಸುಗಳಲ್ಲಿ ಕೆಮ್ಮು ಜೋರಾಗುವ ಮೊದಲೇ ಉಸಿರು ನಿಲ್ಲುವುದುಂಟು.

ಎಲ್ಲಿಗೆ ಹೋಗುವುದು ಅನ್ನುವುದೂ ಮುಖ್ಯ. ಜಗಳೂರು, ಮೊಳಕಾಲ್ಮೂರು, ಹೊಸದುರ್ಗದ ಕಡೆಯವರು ಹತ್ತಿರದ ತಾಲ್ಲೂಕು ಆಸ್ಪತ್ರೆಯನ್ನು ದಾಟಿಕೊಂಡು, ಬಾಡಿಗೆ ಕಾರಿನಲ್ಲಿ ಗಂಟೆಗಟ್ಟಲೆ ದಾವಣಗೆರೆಗೋ ಚಿತ್ರದುರ್ಗಕ್ಕೋ ಬರುತ್ತಾರೆ. ದಾರಿಯಲ್ಲಿ ಮಗು ಸುಸ್ತಾಗಿಬಿಡುತ್ತದೆ. ಮೊದಲು ಹತ್ತಿರದಲ್ಲಿ ಆಕ್ಸಿಜನ್ ಹಾಕಿಸಿ, ಆಮೇಲೆ ಬೇಕಾದರೆ ಆಂಬುಲೆನ್ಸ್‌ನಲ್ಲಿ ಆಕ್ಸಿಜನ್ ಸಮೇತ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಬಾಪೂಜಿ ಮಕ್ಕಳ ಆಸ್ಪತ್ರೆಗೋ ಬನ್ನಿ. ದಾರಿಯಲ್ಲಿ ಮುಖಕ್ಕೆ ಶಾಲು ಮುಚ್ಚಬೇಡಿ. ಏದುಸಿರು ಬಿಡುತ್ತಿರುವ ಮಗುವಿಗೆ ಬಲವಂತವಾಗಿ ಹಾಲು ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಆಕ್ಸಿಜನ್ ಹಾಕಿದರು ಅಂದರೆ ಕೊನೆಯ ಘಟ್ಟ ಅಂತ ಅಳುವವರು ಇದ್ದಾರೆ. ಹಾಗಲ್ಲ. ಈ ಕಾಯಿಲೆಗೆ ನಿಜವಾದ ಚಿಕಿತ್ಸೆ ಅಂದರೆ ಅದೇ, ಜೊತೆಗೆ ನಳಿಕೆಯಲ್ಲೋ ಡ್ರಿಪ್‌ನಲ್ಲೋ ಆಹಾರ, ನೀರು. ಕೊಳವೆ ತೆರೆದುಕೊಳ್ಳುವ ತನಕ ಮಗುವಿನ ಶಕ್ತಿ ಉಳಿಸುವುದಷ್ಟೇ ನಮ್ಮ ಕೆಲಸ.

ಎಲ್ಲ ಕೆಮ್ಮೂ ಬ್ರಾಂಕಿಯೋಲೈಟಿಸ್ ಅಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಹುಟ್ಟಿದ ಕೆಲವೇ ವಾರದಿಂದ ಉಸಿರು ಎಳೆಯುವಾಗ ಸದ್ದು ಬರುತ್ತಾ, ಮಗು ಚೆನ್ನಾಗಿ ತೂಕ ಏರುತ್ತಿದ್ದರೆ ಅದು ಗಂಟಲಿನ ಮೃದು ಎಲುಬು ಇನ್ನೂ ಗಟ್ಟಿಯಾಗದ್ದರಿಂದ ಇರಬಹುದು, ಬೆಳೆಯುತ್ತಾ ಹೋಗುತ್ತದೆ. ಹಾಲು ಕುಡಿಯುವಾಗ ಹಣೆ ಬೆವರಿ, ತೂಕ ಏರದಿದ್ದರೆ ಹೃದಯ ಪರೀಕ್ಷೆ ಮಾಡಿಸಬೇಕು. ಕೆಮ್ಮು ಎರಡು ವಾರ ದಾಟಿದ್ದು, ಮನೆಯಲ್ಲಿ ಕ್ಷಯದವರೂ ಇದ್ದರೆ ಮುಚ್ಚಿಡದೆ ಹೇಳಿ. ಕೆಮ್ಮಿ ಕೆಮ್ಮಿ ಮುಖ ನೀಲಿಗಟ್ಟಿದರೆ ನಾಯಿಕೆಮ್ಮು ಇರಬಹುದು.

ಇನ್ನು ಚಳ್ಳಕೆರೆ, ಹಿರಿಯೂರಿನ ಕಡೆಯವರಿಗೆ ಒಂದು ಮಾತು. ನಿಮ್ಮದು ಶೇಂಗಾ ಸೀಮೆ. ಸುಗ್ಗಿಯಲ್ಲಿ ಅಂಗಳದ ತುಂಬ ಶೇಂಗಾ. ಅಂಬೆಗಾಲಿಡುವ ಕೂಸು ಒಂದು ಬೀಜ ಬಾಯಿಗೆ ಹಾಕಿಕೊಂಡು, ನಕ್ಕಾಗಲೋ ಅತ್ತಾಗಲೋ ಅದು ಉಸಿರು ಕೊಳವೆಗೆ ಜಾರುತ್ತದೆ. ಎರಡು ತಿಂಗಳು ದಮ್ಮು ಅಂತ ಔಷಧ ಕುಡಿದ ಒಂದು ಹೆಣ್ಣುಮಗು ನನ್ನ ಹತ್ತಿರ ಬಂದಿತ್ತು. ಎದೆಯ ಬಲಭಾಗದಲ್ಲಿ ಗಾಳಿಯ ಸದ್ದೇ ಇರಲಿಲ್ಲ. "ಕೆಮ್ಮು ಶುರುವಾದ ದಿನ ಮಗು ಎಲ್ಲಿತ್ತು?" ಅಂತ ಕೇಳಿದೆ. "ಕಣದಲ್ಲಿ" ಅಂದಳು ತಾಯಿ. ದೂರ್ಬೀನು ಹಾಕಿ ಅರ್ಧ ಶೇಂಗಾ ಬೀಜ ತೆಗೆದರು. ನೆಗಡಿಯಿಲ್ಲದೆ, ಜ್ವರವಿಲ್ಲದೆ, ಆಡುತ್ತಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಕೆಮ್ಮು ಹತ್ತಿದರೆ ಶೇಂಗಾ, ಪುಟಾಣಿ, ಹುಣಸೆಬೀಜ ಇವನ್ನು ಅನುಮಾನಿಸಿ.

ದಮ್ಮು ಆಗುತ್ತಾ ಅಂತ ಕೇಳಿದ್ದೀರಿ. ಬ್ರಾಂಕಿಯೋಲೈಟಿಸ್ ಆದ ಹೆಚ್ಚಿನ ಮಕ್ಕಳಿಗೆ ಆಗುವುದಿಲ್ಲ. ಕೆಲವರಿಗೆ ಮುಂದಿನ ಒಂದೆರಡು ವರ್ಷ ನೆಗಡಿ ಬಂದಾಗಲೆಲ್ಲ ಸುಯ್ ಸದ್ದು ಬರುತ್ತದೆ, ಶಾಲೆಗೆ ಹೋಗುವ ಹೊತ್ತಿಗೆ ಹೆಚ್ಚಿನವರಿಗೆ ನಿಲ್ಲುತ್ತದೆ. ಅಪ್ಪ ಅಮ್ಮನಿಗೆ ದಮ್ಮು, ಮಗುವಿಗೆ ಚರ್ಮದ ಅಲರ್ಜಿ ಇದ್ದರೆ ಸಾಧ್ಯತೆ ಸ್ವಲ್ಪ ಜಾಸ್ತಿ. ಈಗಲೇ ಆ ಹೆಸರು ಹಚ್ಚುವುದು ಬೇಡ.

ಫೋನಿನಲ್ಲಿ ನೀವು ಹೇಳಿದ್ದಿರಿ, ಊರ ಹಬ್ಬದ ಗಡಿಬಿಡಿಯಲ್ಲಿ ಹದಿನಾಲ್ಕನೇ ವಾರದ ಲಸಿಕೆ ತಪ್ಪಿದೆ ಅಂತ. ಅದರಲ್ಲಿ ನಾಯಿಕೆಮ್ಮು ತಡೆಯುವುದೂ ಇದೆ, ನ್ಯುಮೋನಿಯಾ ತಡೆಯುವ ಪಿಸಿವಿಯೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಹಾಕುತ್ತಾರೆ. ಮಗ ಚೇತರಿಸಿಕೊಂಡ ಮೇಲೆ ಮುಂದಿನ ಲಸಿಕೆ ದಿನವೇ ತಾಯಿ ಕಾರ್ಡು ಹಿಡಿದು ಹೋಗಿ. ಕೆಮ್ಮು ಸ್ವಲ್ಪ ಉಳಿದಿದ್ದರೂ ಹಾಕಿಸಬಹುದು, ಹಿಂದಕ್ಕೆ ಕಳಿಸಿದರೆ ನನಗೆ ಫೋನ್ ಮಾಡಿ.